ಇಂಡಿಯಾಗೆ ಹೋದವಳು

"ಇಷ್ಟು ಹೊತ್ತು ಹಾಡಿದ್ದು ನಿಮಗ್ಯಾರಿಗೂ ಗೊತ್ತಿಲ್ಲ ಅಂತ ನನಗೆ ಗೊತ್ತು," ಎಂದು ವೇದಿಕೆಯ ಮೇಲಿದ್ದ ಮುದುಕ ಕ್ಲೈಡ್ ಇಂಗ್ಲಿಷಿನಲ್ಲಿ ಹೇಳಿದ. "ಈಗ ಆ ಒಂದನ್ನ ಹಾಡ್ತೀನಿ. ಆಮೇಲೆ ನೀವೆಲ್ಲ ಮನೆಗೆ ಹೋಗಬಹುದು."

ಕ್ಯಾಂಪ್‌ಬೆಲ್ಲಿನ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕೂತಿದ್ದ ಜನ ಗೊಳ್ಳೆಂದು ನಕ್ಕರು. ಎಪ್ಪತ್ತರ ದಶಕದಲ್ಲಿ ಒಂದೇ ಹಾಡಿನಿಂದ ಹೆಸರು ಮಾಡಿ, ಆಮೇಲೆ ಕಾಣೆಯಾದವರನ್ನೆಲ್ಲ ಹುಡುಕಿ ತಂದು ಹಾಡಿಸುತ್ತಿದ್ದ ಸಂಜೆ ಅದು. ಹಂಸಾ ನಗಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಿಚ್ಚುತ್ತಾ ಅವನನ್ನೇ ನೋಡುತ್ತಿದ್ದಳು.

"ನೀವು ಆಗ್ಲೇ ಈ ದೇಶಕ್ಕೆ ಬಂದಿದ್ರಲ್ವಾ ಹಂಸಕ್ಕ? ಬೆಲ್ ಬಾಟಮ್ ಹಾಕ್ಕೊಂಡು ಕುಣೀತಿದ್ರಾ?" ಎಂದು ಸರಟೋಗಾದ ಗೆಳತಿ ರಮಾ ಕೆಣಕಿದಳು.

"ಇವಳಾ?" ಎಂದರು ಹಂಸಾಳ ಗಂಡ ಅಚ್ಯುತ. "ಸೀರೆ ಎತ್ತಿಕಟ್ಕೊಂಡು ಲಾಂಡ್ರಿಗೆ ಹೋಗ್ತಿದ್ಲು."

ಲಾಂಡ್ರಿಗೆ ಹೋಗುತ್ತಿದ್ದದ್ದು ನಿಜ. ಓಕ್‌ಲ್ಯಾಂಡಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಮೆಷಿನ್ನುಗಳ ಗದ್ದಲದಲ್ಲಿ ಯಾರಿಗೆ ಕೇಳಿಸೀತು ಎಂದು ಮೈಸೂರಿನಲ್ಲಿ ಕಲಿತ ಮೋಹನ ರಾಗವನ್ನು ಬಾಯಿತುಂಬ ಹಾಡಿಕೊಳ್ಳುತ್ತಿದ್ದಳು. ಪಕ್ಕದ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದ ಕ್ಲೈಡ್‌ನ ತಂಡಕ್ಕೆ ಅದು ಕೇಳಿಸಿಬಿಟ್ಟಿತು. ಒಂದು ಭಾನುವಾರ ಅವರು ಅವಳನ್ನು ಸ್ಟುಡಿಯೋಗೆ ಕರೆದೊಯ್ದು ತಮ್ಮ ಹಾಡಿನ ಶುರುವಿಗೆ ಆಲಾಪ ಹಾಡಿಸಿದರು. ಅಚ್ಯುತರೂ ಜೊತೆಗೆ ಬಂದು, ಅವಳ ಕೋಟನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು. ಆ ಬೇಸಿಗೆಯಲ್ಲಿ ಗ್ರೋಸರಿ ಅಂಗಡಿಯಲ್ಲಿ, ಕ್ಷೌರದಂಗಡಿಯ ರೇಡಿಯೋದಲ್ಲಿ, ಪಕ್ಕ ಹಾದುಹೋಗುವ ಕಾರುಗಳಲ್ಲಿ ಅವಳದೇ ದನಿ.

ಮುಂದಿನ ಹಾಡಿಗೂ ಫೋನ್ ಮಾಡುತ್ತೇವೆ ಎಂದಿದ್ದರು. ಅವಳು ಕಾದಳು. ಫೋನ್ ಬರಲಿಲ್ಲ. ಅಡುಗೆಮನೆಯಲ್ಲಿ ಅತ್ತ ದಿನ ಅಚ್ಯುತ ತಲೆ ಸವರಿ ಹೇಳಿದ್ದರು: "ನೀನು ಅವರಿಗೆ ಕರಿಬೇವು ಕಣೇ. ಒಗ್ಗರಣೆಗೆ ಬೇಕು, ತಿನ್ನೋವಾಗ ಎತ್ತಿ ಪಕ್ಕಕ್ಕೆ."

ಅಲ್ಲಿಗೆ ಹಂಸಾ ಹಾಡುವುದನ್ನು ನಿಲ್ಲಿಸಿದಳು. ಮಗಳನ್ನು ಮಲಗಿಸುವಾಗಲೂ ಬೆನ್ನು ತಟ್ಟುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಇವತ್ತು ಬಂದದ್ದೂ ಒಂದೇ ಮಾತು ಕೇಳಲು: ನನ್ನನ್ನು ಯಾಕೆ ಬಿಟ್ಟಿರಿ? ಮಂಡಿನೋವು, ಇಬ್ಬನಿ, ಪಾರ್ಕಿಂಗ್ ಸಿಗಲ್ಲ ಎಂದು ಅಚ್ಯುತ ಬೆಳಿಗ್ಗೆಯಿಂದ ರಗಳೆ ತೆಗೆದಿದ್ದರೂ ಅವಳು ಹೊರಟು ನಿಂತಿದ್ದಳು.

"ಈ ಹಾಡಿನ ಮೊದಲಿಗೆ ಒಬ್ಬ ಹೆಣ್ಣುಮಗಳು ಹಾಡ್ತಾಳಲ್ಲ," ಎಂದು ಕ್ಲೈಡ್ ಮುಂದುವರಿಸಿದ. "ಎರಡನೇ ಹಾಡಿಗೆ ಅಂತ ಅವಳ ಮನೆಗೆ ಫೋನ್ ಮಾಡಿದೆ. ಗಂಡ ತೆಗೆದ. ಇಂಡಿಯಾಗೆ ಹೋಗಿಬಿಟ್ಟಳು, ಇನ್ನು ಬರೋದಿಲ್ಲ ಅಂದ. ಬೇರೆಯವರ ಕೈಲಿ ಹಾಡಿಸಿದೆವು. ನಮ್ಮಮ್ಮ ಕೂಡ ಆ ರೆಕಾರ್ಡು ಕೊಳ್ಳಲಿಲ್ಲ. ಅದಕ್ಕೇ ನೋಡಿ, ನಾನು ಒಂದೇ ಹಾಡಿನವನು!"

ಜನ ಮತ್ತೆ ನಕ್ಕರು. ಅವನು ಮೈಕನ್ನು ಅವರ ಕಡೆ ಚಾಚಿದ. "ಅವಳ ಭಾಗ ಈಗ ನಿಮ್ಮದು!"

ಹುಲ್ಲಿನ ಮೇಲಿದ್ದವರೆಲ್ಲ ಓ ಎಂದು ಊಳಿಟ್ಟರು. ರಮಾ ಕೂಡ ಕತ್ತೆತ್ತಿ ಊಳಿಟ್ಟು, ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು.

ಹಂಸಾ ಪಕ್ಕಕ್ಕೆ ತಿರುಗಿದಳು. ಅಚ್ಯುತ ಪುಳಿಯೋಗರೆಯ ಡಬ್ಬಿ ತೆರೆಯುವುದರಲ್ಲಿ ಮುಳುಗಿದ್ದರು.

"ರೀ."

"ಮುಚ್ಚಳ ಬಿಗಿಯಾಗಿದೆ ನೋಡು."

"ಫೋನ್ ಬಂದಿತ್ತಾ?"

"ಯಾವ ಕಾಲದ ಮಾತು ಅದು." ಅವರು ಮುಚ್ಚಳವನ್ನು ಇನ್ನೊಮ್ಮೆ ತಿರುವಿದರು. "ಅಮ್ಮ ಬರೋರಿದ್ರು ಆಗ. ಸೊಸೆ ಬ್ಯಾಂಡಲ್ಲಿ ಹಾಡ್ತಾಳೆ ಅಂದ್ರೆ ನಿನ್ನ ಕೈಯ ನೀರೂ ಮುಟ್ತಿರ್ಲಿಲ್ಲ."

"ಅಮ್ಮ ಬರಲೇ ಇಲ್ವಲ್ರೀ."

"ವೀಸಾ ಸಿಗಲ್ಲ ಅಂತ ನಂಗೇನು ಕನಸು ಬಿದ್ದಿತ್ತಾ?"

"ನಾನು ಅವತ್ತು ಅತ್ತಾಗ ನೀವು ಹೇಳ್ಬಹುದಿತ್ತು."

"ಈಗೇನಾಯ್ತು ಹಂಸಾ? ಮನೆ, ಮಗಳು, ಎಲ್ಲ ಚೆನ್ನಾಗೇ ಇದೆಯಲ್ಲ." ಡಬ್ಬಿ ತೆರೆದುಕೊಂಡಿತು. "ತಗೋ, ತಿನ್ನು."

ಅವಳು ಆ ಕೈಯನ್ನೇ ನೋಡಿದಳು. ಅಂದು ತಲೆ ಸವರಿದ್ದೂ ಇದೇ ಕೈ. ಎಷ್ಟು ಮೆಲ್ಲಗೆ ಸವರಿತ್ತು! ಅವತ್ತು ಅವಳು ಆ ಎದೆಗೇ ಒರಗಿ ಅತ್ತಿದ್ದಳು.

ಹಾಡು ಮುಗಿಯುವವರೆಗೂ ಹಂಸಾ ಕದಲಲಿಲ್ಲ. ಆಮೇಲೆ ಕೈಯೂರಿ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಪಕ್ಕಕ್ಕೆ ನಡೆದಳು. ಅಲ್ಲಿ ಕ್ಲೈಡ್ ಹಳೆಯ ರೆಕಾರ್ಡುಗಳಿಗೆ ಸಹಿ ಹಾಕುತ್ತಾ ಕೂತಿದ್ದ.

"ಯಾರ ಹೆಸರಿಗೆ?" ಎಂದು ತಲೆಯೆತ್ತದೆ ಕೇಳಿದ.

"ಹಂಸಾ."

ಪೆನ್ನು ನಿಂತಿತು. ಅವನು ಮೆಲ್ಲಗೆ ಕನ್ನಡಕ ತೆಗೆದು ನೋಡಿದ.

"ನಾನು ಎಲ್ಲಿಗೂ ಹೋಗಿರಲಿಲ್ಲ," ಎಂದಳು ಅವಳು. "ಇಲ್ಲೇ ಇದ್ದೆ."

"ನಿಮಗೇ ನಾವು ಬೇಡವಾದೆವು ಅಂದುಕೊಂಡಿದ್ದೆ," ಎಂದ ಅವನು. ಎದ್ದು, ಪಕ್ಕದ ಕುರ್ಚಿಯ ಮೇಲಿದ್ದ ಪೆಟ್ಟಿಗೆಯನ್ನು ನೆಲಕ್ಕಿಳಿಸಿದ. ಅವಳು ಕೂತಳು.

"ಹಂಸಾ! ಹೊರಡೋಣ ಬಾ, ಫ್ರೀವೇ ತುಂಬ್ಕೊಳತ್ತೆ," ಎಂದು ಅಚ್ಯುತ ದೂರದಿಂದ ಕೂಗಿದರು. ಅವಳು ತಿರುಗಲಿಲ್ಲ.

ಕ್ಲೈಡ್ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಆಲಾಪ ಶುರುವಾಗುವ ಸ್ವರವನ್ನು ಗುನುಗಿದ. ಹಂಸಾಳ ತುಟಿ ತೆರೆಯಿತು, ದನಿ ಬರಲಿಲ್ಲ. ಅವನು ಶ್ರುತಿಯನ್ನು ತುಸು ಇಳಿಸಿ, ಮತ್ತೆ ಗುನುಗಿ, ಕಾದ.