ಪುಟುವೊ ದ್ವೀಪದ ಹರಕೆ

ತವರದ ಹಾಳೆ ಮಡಿಸಿ ಮಡಿಸಿ ಸುಯುನ್‌ಳ ಹೆಬ್ಬೆರಳು ಕಪ್ಪಾಗಿತ್ತು. ಚೀಲ ಅರ್ಧ ತುಂಬಿತ್ತು, ಇನ್ನರ್ಧ ಬಾಕಿ ಇತ್ತು. ಹಾಳೆಯನ್ನು ಉದ್ದಕ್ಕೆ ಮಡಿಸಿ, ಎರಡೂ ತುದಿಗಳನ್ನು ಒಳಗೆ ಒತ್ತಿ, ತುಟಿಯ ಹತ್ತಿರ ಹಿಡಿದು ಊದಿದರೆ ಅದು ಉಬ್ಬಿ ಪುಟ್ಟ ದೋಣಿಯಂಥ ಬೆಳ್ಳಿಗಟ್ಟಿಯಾಗುತ್ತಿತ್ತು. ಶಾವ್‌ಶಿಂಗ್ ಊರಿನ ಹೆಂಗಸರು ಇದನ್ನು ಟಿವಿ ನೋಡುತ್ತಲೇ ಮಾಡುತ್ತಾರೆ, ಜಗಳವಾಡುತ್ತಲೂ ಮಾಡುತ್ತಾರೆ. ದೇವರಿಗೆ ಸುಡುವ ಬೆಳ್ಳಿ ಅಂಗಡಿಯದಾಗಬಾರದು, ಮನೆಯವರ ಕೈಯದೇ ಆಗಬೇಕು ಎಂದು ಅಮ್ಮನ ಹಟ. ಹಾಗಾಗಿ ಪುಟುವೊ ದ್ವೀಪದ ಈ ವಸತಿಗೃಹದಲ್ಲೂ ಬೆಳಗಾಗೆದ್ದು ಅದೇ ಕೆಲಸ.

ಎದುರಿನ ಮಂಚದ ಮೇಲೆ ಕೂತಿದ್ದ ಅಮ್ಮ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದು ಸೊಟ್ಟಗಿದೆ ಸುಯುನ್. ಗ್ವಾನ್‌ಯಿನ್ ತಾಯಿ ಖೋಟಾ ಅಂತ ವಾಪಸ್ ಕಳಿಸ್ತಾಳೆ ನೋಡು."

"ಕಳಿಸಲಿ, ಇನ್ನೊಂದು ಸಲ ಬಂದ ಹಾಗಾಯ್ತು," ಅಂದಳು ಸುಯುನ್.

ಅಮ್ಮನಿಗೆ ಅದು ಕೇಳಿಸಲಿಲ್ಲ. ಕಿವಿಯ ಯಂತ್ರ ಇನ್ನೂ ದಿಂಬಿನ ಪಕ್ಕದಲ್ಲೇ ಇತ್ತು.

ಶಾವ್‌ಶಿಂಗ್‌ನಿಂದ ಬಸ್ಸಿನಲ್ಲಿ ಹೊರಟ ಯಾತ್ರೆಯ ಗುಂಪು ಇದು. ಮೊದಲು ಹಾಂಗ್‌ಝೌ, ಆಮೇಲೆ ನಿಂಗ್‌ಬೊ, ಕೊನೆಗೆ ದೋಣಿ ಹತ್ತಿ ಈ ದ್ವೀಪ. ಎಲ್ಲರ ಹೆಗಲಲ್ಲೂ ಹಳದಿ ಬಟ್ಟೆಯ ಚೀಲ. ಒಂದೊಂದು ದೇವಾಲಯದಲ್ಲೂ ಅದರ ಮೇಲೆ ಕೆಂಪು ಮುದ್ರೆ ಒತ್ತಿಸಿಕೊಳ್ಳಬೇಕು. ಸತ್ತಾಗ ಆ ಚೀಲವನ್ನು ಜೊತೆಗಿಟ್ಟರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲವಂತೆ. ಅಮ್ಮನಿಗಿಂತ ನಾಲ್ಕು ಮುದ್ರೆ ಮುಂದಿದ್ದ ನೆರೆಮನೆಯ ಫಾಂಗ್ ಚಿಕ್ಕಮ್ಮ ತನ್ನ ಚೀಲವನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ.

ಅಮ್ಮ ಬಂದದ್ದು ಮುದ್ರೆಗಾಗಿ ಅಲ್ಲ, ಹಳೆಯ ಹರಕೆಯೊಂದನ್ನು ತೀರಿಸಲು. ಸುಯುನ್‌ಳ ತಮ್ಮ ಆದೊಂಗ್‌ಗೆ ಒಂಬತ್ತು ವರ್ಷವಾಗಿದ್ದಾಗ ಕಿಡ್ನಿಯ ಕಾಯಿಲೆ ಬಂದು ಮೈಯೆಲ್ಲ ಬಾತುಕೊಂಡು ಸಾಯುವ ಹಾಗಾಗಿದ್ದ. ಆಗ ಅಮ್ಮ ಒಬ್ಬಳೇ ಈ ದ್ವೀಪಕ್ಕೆ ಬಂದು ಬೇಡಿಕೊಂಡು ಹೋಗಿದ್ದಳು. ಹುಡುಗ ಉಳಿದ. ಮತ್ತೆ ಬಂದು ತೀರಿಸುವುದು ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಅದೇ ಆದೊಂಗ್‌ನ ಕಿಡ್ನಿಗಳು ಪೂರ್ತಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಹರಕೆ ತೀರಿಸದೇ ಇದ್ದದ್ದಕ್ಕೇ ಹೀಗಾಯಿತು ಎಂಬುದು ಅಮ್ಮನ ತೀರ್ಮಾನ. ಮುಂದಿನ ಬುಧವಾರ ಸುಯುನ್‌ಳ ಎಡಗಡೆಯ ಕಿಡ್ನಿಯನ್ನು ತೆಗೆದು ಅವನಿಗೆ ಇಡುತ್ತಾರೆ. ಅದಕ್ಕೆ ಮುಂಚೆ ದೇವರ ಬಾಕಿ ಮುಗಿಯಬೇಕು.

ಆಸ್ಪತ್ರೆಯಲ್ಲಿ ರಕ್ತ ಹೊಂದುತ್ತದೆ ಎಂದು ಹೇಳಿದ ದಿನ ಡಾಕ್ಟರು ಮನೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದ್ದರು. ಇದು ನಿಮ್ಮ ಸ್ವಂತ ಇಷ್ಟವೇ, ಯಾರ ಒತ್ತಾಯವಾದರೂ ಇದೆಯೇ ಎಂದು ಕೇಳಿದ್ದರು. ಬೇಡ ಅಂದರೆ ಆ ಮಾತು ಈ ಕೋಣೆಯಿಂದ ಆಚೆ ಹೋಗುವುದಿಲ್ಲ, ನಿಮ್ಮ ದೇಹ ಇದಕ್ಕೆ ಒಗ್ಗುವುದಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ ಅಂದಿದ್ದರು. ಆಪರೇಷನ್ನಿನ ಹಿಂದಿನ ದಿನ ಇನ್ನೊಮ್ಮೆ ಕೇಳುತ್ತೇವೆ ಎಂದೂ ಹೇಳಿದ್ದರು. ಸುಯುನ್‌ಗೆ ನಗು ಬಂದಿತ್ತು. ಸ್ವಂತ ತಮ್ಮನಿಗೆ ಕೊಡುವುದಕ್ಕೆ ಒತ್ತಾಯ ಯಾಕೆ ಬೇಕು?

ಬೆಳ್ಳಿ ಮಡಿಸುತ್ತಿರುವಾಗಲೇ ಆದೊಂಗ್ ಫೋನ್ ಮಾಡಿದ. ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದನಂತೆ.

"ಅಕ್ಕಾ, ನಿನ್ನ ಎಡಗಡೆ ಬಾಡಿಗೆದಾರನಿಗೆ ಹೇಳಿದೀಯಾ? ಬುಧವಾರ ಮನೆ ಖಾಲಿ ಮಾಡ್ಬೇಕು ಅಂತ?"

"ಹೇಳಿದೀನಿ. ಹೊಸ ಮನೇಲಿ ಸಿಗರೇಟು ಹೊಗೆ ಇದ್ರೆ ಅವತ್ತೇ ವಾಪಸ್ ಬರ್ತಾನಂತೆ."

ಅವನು ಕೆಮ್ಮುವವರೆಗೂ ನಕ್ಕ.

ದೇವಾಲಯದ ಅಂಗಳದಲ್ಲಿ ಧೂಪದ ಹೊಗೆ ಕಣ್ಣು ಉರಿಸುತ್ತಿತ್ತು. ಬೆಳ್ಳಿಗಟ್ಟಿಗಳನ್ನು ದೊಡ್ಡ ಕುಲುಮೆಗೆ ಸುರಿದರು. ಒಳಗೆ ಹೋಗುವಾಗ ಅಮ್ಮ ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ದೇವರ ಮುಂದೆ ಯಂತ್ರ ಯಾಕೆ, ಗ್ವಾನ್‌ಯಿನ್ ತಾಯಿಯ ಮಾತು ಹೇಗಿದ್ದರೂ ಕೇಳಿಸುತ್ತದೆ ಅಂದಳು. ತನ್ನ ದನಿ ಎಷ್ಟು ದೊಡ್ಡದೆಂದು ಯಂತ್ರವಿಲ್ಲದಿದ್ದರೆ ಅವಳಿಗೆ ತಿಳಿಯುವುದಿಲ್ಲ ಎಂಬುದು ಸುಯುನ್‌ಗೆ ಹೊಳೆಯುವಷ್ಟರಲ್ಲಿ ಅಮ್ಮ ಮೆತ್ತೆಯ ಮೇಲೆ ಮೊಣಕಾಲೂರಿ ಆಗಿತ್ತು. ಸುಯುನ್ ಪಕ್ಕದ ಮೆತ್ತೆಯ ಮೇಲೆ ಕೂತಳು. ಹಿಂದೆ ಫಾಂಗ್ ಚಿಕ್ಕಮ್ಮ, ಅವಳ ಹಿಂದೆ ಗುಂಪಿನ ಉಳಿದ ಹೆಂಗಸರು.

ಬೇಡಿಕೊಳ್ಳುವವರು ಮೊದಲು ತಮ್ಮ ಹೆಸರು, ವಿಳಾಸ ಹೇಳಬೇಕು. ಇಲ್ಲದಿದ್ದರೆ ತಾಯಿ ಯಾರ ಮನೆಗೆಂದು ಹೋಗುತ್ತಾಳೆ? ಅಮ್ಮ ಹೆಸರು ಹೇಳಿದಳು, ಓಣಿಯ ಹೆಸರು ಹೇಳಿದಳು.

"ಆ ಮನೆ ಕೆಡವಿಬಿಟ್ರು ತಾಯಿ, ಅಲ್ಲಿ ಹುಡುಕಬೇಡ. ಈಗ ಕಾಲುವೆ ಆಚೆ, ಆರನೇ ಮಹಡೀಲಿದೀವಿ. ಲಿಫ್ಟ್ ಇಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸುಯುನ್‌ಗೂ ನಗು ಬಂತು. ತಲೆ ತಗ್ಗಿಸಿದಳು.

"ಅವತ್ತು ನಾನು ಬಂದಿದ್ದು ನಿನಗೆ ನೆನಪಿರುತ್ತೆ. ಹುಡುಗನ ಉಸಿರು ನಿಲ್ಲೋ ಹಾಗಿತ್ತು. ನನ್ನ ಮಗಳು ಸುಯುನ್, ಹಾವಿನ ವರ್ಷ, ಹನ್ನೊಂದನೇ ತಿಂಗಳು, ಕೋಳಿ ಕೂಗೋ ಮುಂಚೆ ಹುಟ್ಟಿದವಳು. ಅವಳ ಆಯಸ್ಸಲ್ಲಿ ಹತ್ತು ವರ್ಷ ತೆಗೆದು ಅವನಿಗೆ ಹಾಕು ಅಂತ ಕೇಳಿದ್ದೆ. ನೀನು ಹಾಕಿದೆ. ತೀರಿಸೋಕೆ ಬರೋದು ತಡವಾಯ್ತು, ಕ್ಷಮಿಸು."

ಸುಯುನ್‌ಳ ಕೈಯಲ್ಲಿದ್ದ ಧೂಪದ ಕಡ್ಡಿಯ ಬೂದಿ ಮಣಿಕಟ್ಟಿನ ಮೇಲೆ ಬಿತ್ತು. ಸುಟ್ಟಿತು. ಅವಳು ಕೈ ಒದರಲಿಲ್ಲ.

"ಈಗ ಅವಳು ಕಿಡ್ನಿ ಕೊಡ್ತಿದಾಳೆ. ಅದು ಅವನ ಮೈಗೆ ಹಿಡೀಲಿ. ಸಾಲದೇ ಬಂದ್ರೆ ಅವಳದ್ದೇ ಇನ್ನೂ ಐದು ವರ್ಷ ತಗೋ. ಅವಳು ಗಟ್ಟಿ ಇದಾಳೆ."

ಅಮ್ಮ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಫಾಂಗ್ ಚಿಕ್ಕಮ್ಮ ತನ್ನ ಚೀಲದ ಮುದ್ರೆಗಳನ್ನೇ ನೋಡುತ್ತಾ ಕೂತಿದ್ದಳು.

ತಂದೆ ತಾಯಿಗಾಗಿ ಮಕ್ಕಳು ತಮ್ಮ ಆಯಸ್ಸನ್ನು ಕೊಡುವುದನ್ನು ಸುಯುನ್ ಕೇಳಿದ್ದಳು. ಸೋದರತ್ತೆಯೊಬ್ಬಳು ಹಾಗೆ ಬೇಡಿಕೊಂಡಿದ್ದಳು. ಕೊಡುವವರು ತಾವೇ ಬಂದು, ತಮ್ಮ ಬಾಯಲ್ಲೇ ಹೇಳುತ್ತಾರೆ. ತನ್ನದನ್ನು ಇನ್ನೊಬ್ಬರು ಕೊಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ತಮ್ಮ ಕಾಯಿಲೆ ಬಿದ್ದ ಆ ವರ್ಷ ಅವಳು ಬಟ್ಟೆ ಗಿರಣಿಗೆ ಹೊಸದಾಗಿ ಸೇರಿದ್ದಳು. ಸಂಜೆ ಆಸ್ಪತ್ರೆಗೆ ಓಡಿಬಂದು ತಮ್ಮನ ಕಾಲು ಒತ್ತುತ್ತಿದ್ದಳು. ಅಮ್ಮ ದ್ವೀಪದಿಂದ ಮರಳಿ ಬಂದ ಸಂಜೆ ತನ್ನನ್ನು ಬಾಗಿಲಲ್ಲೇ ತಬ್ಬಿಕೊಂಡು ಅತ್ತದ್ದು ಈಗ ನೆನಪಾಯಿತು. ತಮ್ಮನಿಗಾಗಿ ಅಳುತ್ತಿದ್ದಾಳೆ ಅಂದುಕೊಂಡು ಅವಳೇ ಅಮ್ಮನಿಗೆ ಸಮಾಧಾನ ಹೇಳಿದ್ದಳು.

ಇದೆಲ್ಲ ನಿಜವಾಗಿ ಆಗುತ್ತದೆಯೇ ಎಂಬ ಪ್ರಶ್ನೆ ಅವಳ ತಲೆಗೆ ಬರಲೇ ಇಲ್ಲ. ಅಮ್ಮ ನಂಬಿದ್ದಳು. ಹತ್ತು ವರ್ಷ ನಿಜಕ್ಕೂ ಹೋಗುತ್ತದೆಂದು ನಂಬಿಯೇ ಕೊಟ್ಟಿದ್ದಳು. ಈಗ ಮತ್ತೆ ಐದು.

ಊಟದ ಮನೆಯಲ್ಲಿ ಅಣಬೆ ಹಾಕಿದ ನೂಡಲ್ಸ್ ಕೊಟ್ಟರು. ತಾಯಿ ಮಗಳು ಮೂಲೆಯ ಮೇಜಿನಲ್ಲಿ ಎದುರುಬದುರು ಕೂತರು. ಗುಂಪಿನವರು ಯಾಕೋ ಬೇರೆ ಮೇಜುಗಳಿಗೆ ಹೋದರು. ಅಮ್ಮ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, ಹೊರೆ ಇಳಿಸಿದವಳ ಹಾಗೆ ಸೊರ್ರನೆ ಉಣ್ಣುತ್ತಿದ್ದಳು. ಸುಯುನ್ ಒಂದು ಎಳೆಯನ್ನು ಬಾಯಿಗೆ ತಂದಳು. ಅಮ್ಮನ ಕೈ ತಟ್ಟನೆ ಮೇಲೆದ್ದಿತು.

"ಕಡೀಬೇಡ. ಎಳ್ಕೋ."

ಹುಟ್ಟುಹಬ್ಬದ ದಿನ ನೂಡಲ್ಸಿನ ಉದ್ದ ಎಳೆಯನ್ನು ಕಡಿಯಬಾರದು, ಕಡಿದರೆ ಆಯಸ್ಸು ತುಂಡಾಗುತ್ತದೆ. ಅಮ್ಮ ಪ್ರತಿ ವರ್ಷ, ಸುಯುನ್‌ಗೆ ಮದುವೆಯಾದ ಮೇಲೂ, ಎರಡು ಮೊಟ್ಟೆ ಹಾಕಿದ ಬಟ್ಟಲನ್ನು ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳು. ಕೊನೆಯ ಎಳೆ ಒಳಗೆ ಹೋಗುವವರೆಗೂ ಎದುರು ಕೂತು ನೋಡುತ್ತಿದ್ದಳು. ಆದೊಂಗ್‌ಗೆ ಒಂದು ವರ್ಷವೂ ಹಾಗೆ ಮಾಡಿದ್ದಿಲ್ಲ. ನಮ್ಮಮ್ಮನಿಗೆ ನಾನಂದರೆ ಒಂದು ಕೈ ಹೆಚ್ಚು ಎಂದು ಸುಯುನ್ ಗಿರಣಿಯಲ್ಲಿ ಹೇಳಿಕೊಂಡು ತಿರುಗಿದ್ದಳು. ಇವತ್ತು ಅವಳ ಹುಟ್ಟುಹಬ್ಬವೂ ಅಲ್ಲ.

ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು.

"ಅಮ್ಮಾ, ನೀನು ಒಳಗೆ ಹೇಳಿದ್ದು ನಂಗೆ ಕೇಳಿಸ್ತು."

ಅಮ್ಮ ಅಣಬೆ ಅಗಿಯುವುದನ್ನು ನಿಲ್ಲಿಸಿದಳು.

"ಅಷ್ಟು ಜೋರಾಗಿ ಹೇಳಿದ್ನಾ?"

"ಇಡೀ ಗುಡಿಗೇ ಕೇಳಿಸ್ತು."

ಅಮ್ಮನ ಮುಖದಲ್ಲಿ ನಾಚಿಕೆ ಇತ್ತು, ಆದರೆ ಅದು ದೊಡ್ಡ ದನಿಯಲ್ಲಿ ಮಾತಾಡಿದ್ದಕ್ಕೆ.

"ನಿನ್ನ ವರ್ಷ ಯಾಕೆ ಕೊಡ್ಲಿಲ್ಲ?" ಸುಯುನ್ ಕೇಳಿದಳು.

"ನಾನು ಹೋಗಿದ್ರೆ ನಿಮ್ಮನ್ನ ನೋಡೋರು ಯಾರಿದ್ರು? ನಿಮ್ಮಪ್ಪ ಆಗ್ಲೇ ಮಣ್ಣಾಗಿದ್ರು. ನಿನ್ನ ಹತ್ರ ಬೇಕಾದಷ್ಟಿತ್ತು, ಅವನ ಹತ್ರ ಇರ್ಲಿಲ್ಲ. ಇರೋರ ಹತ್ರ ತಾನೇ ತಗೊಳ್ಳೋದು?"

"ನನ್ನನ್ನೊಂದು ಮಾತು ಕೇಳ್ಬೋದಿತ್ತು."

ಅಮ್ಮ ಅವಳ ಕೈ ಮೇಲೆ ಕೈ ಇಟ್ಟಳು. ಬೆರಳುಗಳಲ್ಲಿ ತವರದ ಕಪ್ಪು ಇನ್ನೂ ಇತ್ತು.

"ಕೇಳಿದ್ರೆ ನೀನು ಕೊಡ್ತಿದ್ದೆ ಕಣೇ. ನಂಗೆ ಗೊತ್ತಿರ್ಲಿಲ್ವಾ? ಅದಕ್ಕೇ ಕೇಳ್ಲಿಲ್ಲ."

ನಿಜ. ಕೇಳಿದ್ದರೆ ಕೊಡುತ್ತಿದ್ದಳು. ಹತ್ತೊಂಬತ್ತರ ಆ ಹುಡುಗಿ ಹತ್ತಲ್ಲ, ಇಪ್ಪತ್ತು ಬೇಕಾದರೂ ತೆಗೆದುಕೋ ಎಂದು ತಾನೇ ಬಂದು ಇದೇ ಮೆತ್ತೆಯ ಮೇಲೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಮ್ಮ ಮತ್ತೆ ಉಣ್ಣತೊಡಗಿದಳು. ಆರಿದರೆ ಚೆನ್ನಾಗಿರುವುದಿಲ್ಲ, ತಿನ್ನು ಅಂದಳು. ಬುಧವಾರದ ಆಪರೇಷನ್ ಆದ ಮೇಲೆ ಇಬ್ಬರಿಗೂ ಕೋಳಿ ಸಾರು ಮಾಡಿ ತರುತ್ತೇನೆ, ಅವನಿಗೆ ಉಪ್ಪು ಕಡಿಮೆ, ನಿನಗೆ ಶುಂಠಿ ಹೆಚ್ಚು ಎಂದು ಲೆಕ್ಕ ಹಾಕಿದಳು. ಸುಯುನ್ ಎದುರಿಗಿದ್ದ ಮುಖವನ್ನು ನೋಡಿದಳು. ಇವತ್ತು ಬೆಳಗ್ಗೆ ಇದ್ದದ್ದೇ ಮುಖ. ಒಂದು ಸುಕ್ಕೂ ಬದಲಾಗಿರಲಿಲ್ಲ.

ಊಟವಾದ ಮೇಲೆ ಮುದ್ರೆಗೆ ಸಾಲು ನಿಂತರು. ಸನ್ಯಾಸಿ ಅಮ್ಮನ ಚೀಲದ ಮೇಲೆ ಒತ್ತಿ, ಮುಂದೆ ಎಂದು ತಲೆಯಾಡಿಸಿದ. ಸುಯುನ್ ತನ್ನ ಚೀಲವನ್ನು ಮುಂದೆ ಹಿಡಿದಳು. ಬಣ್ಣ ಹಸಿಯಾಗಿತ್ತು, ಬಟ್ಟೆಯಲ್ಲಿ ಸ್ವಲ್ಪ ಹರಡಿತು.

ಹೊರಗೆ ಫಾಂಗ್ ಚಿಕ್ಕಮ್ಮ ಅವಳ ತೋಳನ್ನು ಮೆಲ್ಲಗೆ ಹಿಡಿದು, ಮುದುಕರ ಬಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದಳು. ಆಮೇಲೆ ತಡೆಯಲಾರದೆ ಕೇಳಿದಳು.

"ಬುಧವಾರ ತಾನೇ?"

"ಹೂಂ. ಮಂಗಳವಾರ ಬೆಳಗ್ಗೆ ಡಾಕ್ಟರು ಬರೋಕೆ ಹೇಳಿದಾರೆ."

ಕಲ್ಲಿನ ಮೆಟ್ಟಿಲುಗಳು ಸಮುದ್ರದ ಕಡೆಗೆ ಇಳಿಯುತ್ತಿದ್ದವು. ಅಮ್ಮ ಎಂದಿನಂತೆ ಎಡಗೈ ಚಾಚಿದಳು. ಸುಯುನ್ ಅದನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸತೊಡಗಿದಳು. ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಬಾಗಿಲು ಮುಚ್ಚುತ್ತಾರೆ. ಅವಳ ಬದುಕಿನಲ್ಲಿ ಅವಳನ್ನೇ ಕೇಳುವವರು ಅವರೊಬ್ಬರೇ. ಆದೊಂಗ್‌ಗೆ ಯಂತ್ರವಿದೆ, ಕಿಡ್ನಿಗೆ ಕಾಯುವವರ ಸಾಲಿನಲ್ಲಿ ಅವನ ಹೆಸರೂ ಇದೆ. ಡಯಾಲಿಸಿಸ್‌ಗೆ ಅವಳೇ ಕರೆದುಕೊಂಡು ಹೋಗುತ್ತಾಳೆ, ಅವನ ಕಾಲು ಒತ್ತುತ್ತಾಳೆ, ಬಾಡಿಗೆದಾರನ ತಮಾಷೆ ಅವನು ಮತ್ತೆ ಎತ್ತಿದರೆ ನಗುತ್ತಾಳೆ. ಆದರೆ ಮಂಗಳವಾರ ಆ ಕೋಣೆಯಲ್ಲಿ ಇಲ್ಲ ಎನ್ನುತ್ತಾಳೆ.

"ಯಾಕೆ ಸುಮ್ಮನಿದೀಯ?" ಅಮ್ಮ ಕೇಳಿದಳು.

"ಮೆಟ್ಟಿಲು ಒದ್ದೆ ಇದೆ," ಅಂದಳು ಸುಯುನ್. "ನೋಡ್ಕೊಂಡು ಕಾಲಿಡು."