ಕೇಳಿಸಿತು ಅಂದರೆ ಸಾಕು

'ಐದೂವರೆ ಅಡಿ ಹೆಣ ಹಿಡಿಸಲು ಎಷ್ಟು ದೊಡ್ಡ ಪೆಟ್ಟಿಗೆ ಬೇಕು' ಎಂದು ಟೈಪು ಮಾಡಿ ಇನ್ನೂ ಬೆರಳು ಎತ್ತಿರಲಿಲ್ಲ, ಬೆನ್ನ ಹಿಂದೆ ಸಾಹೇಬರು ಕೆಮ್ಮಿದರು.

ಅವನು ಪರದೆ ಮುಚ್ಚಲಿಲ್ಲ. ಯಾರಾದರೂ ಒಬ್ಬರು ನೋಡಲಿ, ನೋಡಿ ಒಂದು ಹೆಜ್ಜೆ ಹಿಂದೆ ಸರಿಯಲಿ ಎಂಬ ಆಸೆ ಒಳಗೊಳಗೇ ಇತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರು. ಅವನನ್ನು ಕಂಡು ಈವರೆಗೆ ಒಂದು ತಕ್ಕಡಿಯ ಮುಳ್ಳೂ ನಡುಗಿರಲಿಲ್ಲ.

"ಹೆಣವಾ?" ಸಾಹೇಬರು ಕನ್ನಡಕ ಏರಿಸಿದರು.

"ಹೌದು ಸರ್. ಅದಕ್ಕೆ ಮುಂಚೆ, ವಾಸನೆ ಎಷ್ಟು ದಿನಕ್ಕೆ ಹೊರಗೆ ಬರುತ್ತೆ ಅಂತಾನೂ ನೋಡಿದೆ."

"ಕಾದಂಬರಿಗೇನ್ರೀ?"

ಅವನು ಸುಮ್ಮನಿದ್ದ. ಸುಮ್ಮನಿದ್ದರೆ ಅನುಮಾನ ಹುಟ್ಟಬಹುದು.

"ಅಯ್ಯೋ, ಅಷ್ಟೇನಾ! ಎಲ್ಲೋ ವರ್ಗಾವಣೆಗೆ ಅರ್ಜಿ ಹಾಕ್ತಿದ್ದೀರೇನೋ ಅಂದ್ಕೊಂಡೆ. ಆಫೀಸ್ ಪೇಪರಲ್ಲಿ ಪ್ರಿಂಟ್ ತೆಗೀಬೇಡಿ, ಆಯ್ತಾ?"

ಇಷ್ಟಕ್ಕೆಲ್ಲ ಕಾರಣ ಒಂದು ಅಂಚೆ ಕಾರ್ಡು. ಅವನ ಹಿಂದಿನ ಕಾದಂಬರಿ ಓದಿದವನೊಬ್ಬ ಬರೆದಿದ್ದ: 'ನಿಮ್ಮ ಟ್ರಂಕಿನಲ್ಲಿ ಆಳು ಹಿಡಿಸುವುದಿಲ್ಲ. ಲೇಖಕರಿಗೆ ಅಳತೆಯ ಗಂಧವೇ ಇಲ್ಲ.' ಬೈದಿದ್ದರೆ ಸಹಿಸಬಹುದಿತ್ತು. ಅಳತೆಯ ಗಂಧ!

ಸಂಜೆ ಮನೆಗೆ ಬಂದವನೇ ಹೆಂಡತಿಯ ಟ್ರಂಕನ್ನು ಕೋಣೆಯ ನಡುವಿಗೆ ಎಳೆದ.

"ನನ್ನ ಸೀರೆಗಳನ್ನ ನೆಲಕ್ಕೆ ಹಾಕ್ಬೇಡಿ," ಅವಳು ಬಾಗಿಲಲ್ಲಿ ನಿಂತು ಹೇಳಿದಳು. "ನೀವು ಹುಡುಕಿ ಹುಡುಕಿ ನನ್ನ ಫೋನಿಗೂ ಹಗ್ಗ, ಗುದ್ದಲಿ ಜಾಹೀರಾತು ಬರ್ತಿವೆ. ಗುದ್ದಲಿ ಚೆನ್ನಾಗಿತ್ತು. ಹೂಕುಂಡಕ್ಕೆ ಅಂತ ಒಂದು ತರಿಸ್ದೆ."

"ನಿಂಗೆ ಹೆದರಿಕೆ ಆಗಲ್ವಾ?"

"ಯಾರನ್ನ ಕಂಡು? ನಿಮ್ಮನ್ನಾ? ಜಿರಳೆ ಬಂದ್ರೆ ನನ್ನನ್ನ ಕರೀತೀರಲ್ಲ!"

ಅವನಿಗೆ ರೇಗಿತು. ಗೆರೆ ಎಳೆದ ಹಾಳೆಯೊಂದನ್ನು ಅವಳ ಕೈಗಿತ್ತ. ಸಮಯ, ಸದ್ದು, ಕೇಳಿಸಿತೋ ಇಲ್ಲವೋ: ಇಲಾಖೆಯ ತಪಾಸಣಾ ಪಟ್ಟಿಯ ಹಾಗೇ ಮೂರು ಕಾಲಂ.

"ಅಡಿಗೆಮನೇಲಿ ಕೂತ್ಕೋ. ನೀನೀಗ ಪಕ್ಕದ ಮನೆಯವಳು. ನಾನು ಒಳಗಿಂದ ಬಡೀತೀನಿ. ಕೇಳಿಸಿದ್ರೆ ಕೇಳಿಸ್ತು ಅನ್ನು, ಗೀಟು ಹಾಕು. ಎದ್ದು ಬರಬೇಡ."

"ಪಕ್ಕದ ಮನೆಯವಳಾದ್ರೆ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ."

"ಕಾಪಾಡಿ ಅಂತ ಕೂಗ್ತೀನಿ. ಆಗಲೂ ಬರಬೇಡ. ವಿಷದ ಅಧ್ಯಾಯದಲ್ಲಿ ಮಾಡಿದ ಹಾಗೆ ಮಾಡಿದ್ಯೋ, ನೋಡು ಮತ್ತೆ!"

ವಿಷದ ಅಧ್ಯಾಯ ಬರೆಯುವಾಗ ಅವನು ನೆಲದ ಮೇಲೆ ಹೊರಳಾಡುತ್ತಿದ್ದುದನ್ನು ಕಂಡು ಅವಳು ಆಂಬುಲೆನ್ಸ್ ಕರೆಸಿದ್ದಳು. ಏಕಾಗ್ರತೆ ಕೆಡಿಸಿದಳೆಂದು ಅವನು ವಾರವಿಡೀ ಮುಖ ಊದಿಸಿಕೊಂಡಿದ್ದ. ಅಂದಿನಿಂದ ಅವಳು ಬುದ್ಧಿ ಕಲಿತಿದ್ದಳು.

ಮೊಣಕಾಲು ಗದ್ದಕ್ಕೆ ತಾಗಿಸಿ ಅವನು ಟ್ರಂಕಿನೊಳಗೆ ಮಲಗಿದ. ಹಿಡಿಸಿದ! ಕುತ್ತಿಗೆ ಮುರಿಯುವಂತಿತ್ತು, ಆದರೂ ಹಿಡಿಸಿದ. ಕಾರ್ಡಿನವನ ಮುಖಕ್ಕೆ ಹೊಡೆದಂತಾಯಿತು. ಖುಷಿಗೆ ಮುಚ್ಚಳವನ್ನು ತುಸು ಜೋರಾಗಿಯೇ ಎಳೆದುಕೊಂಡ.

ಹೊರಗೆ ಚಿಲಕ ಕಟಕ್ ಎಂದು ಕಚ್ಚಿಕೊಂಡಿತು.

ತಳ್ಳಿದ. ಜಗ್ಗಲಿಲ್ಲ. ಫೋನು ಮೇಜಿನ ಮೇಲಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಮನುಷ್ಯ ಎಷ್ಟು ಹೊತ್ತು ಉಸಿರಾಡಬಲ್ಲ ಎಂದು ಮೊನ್ನೆಯೇ ಹುಡುಕಿದ್ದ. ಮೂರು ಕಡೆ ಮೂರು ಉತ್ತರ ಸಿಕ್ಕಿತ್ತು. ಕಥೆಗೆ ಒಪ್ಪುತ್ತದೆಂದು ಅತಿ ಕಡಿಮೆಯದನ್ನೇ ಬರೆದಿಟ್ಟುಕೊಂಡಿದ್ದ.

ಬಡಿದ.

"ಕೇಳಿಸ್ತು!" ಅಡಿಗೆಮನೆಯಿಂದ ದನಿ ಬಂತು.

"ಚಿಲಕ ಬಿತ್ತು ಕಣೇ! ಬಾ, ತೆಗಿ!"

"ಕೇಳಿಸ್ತು!"

"ನಿಜವಾಗ್ಲೂ! ಕಥೆ ಅಲ್ಲ ಇದು!"

"ಅದೂ ಕೇಳಿಸ್ತು ರೀ."

ಅವನು ಕಾಲಿನಿಂದ ಒದ್ದ, ಮೊಣಕೈಯಿಂದ ಗುದ್ದಿದ, ಹೆಂಡತಿಯ ತೌರಿನವರನ್ನೆಲ್ಲ ಬೈದ, ಕೊನೆಗೆ ಕಾಪಾಡಿ ಎಂದು ಗಂಟಲು ಹರಿಯುವಂತೆ ಕೂಗಿದ. ತನ್ನ ದನಿ ತಗಡಿಗೆ ಬಡಿದು ವಾಪಸು ಬಂದು ಕಿವಿಯಲ್ಲೇ ಕೂತಿತು. ಎಲ್ಲೋ ಓದಿದ ದನಿಯಂತಿತ್ತು. ಅವನಿಗೇ ನಂಬಿಕೆ ಬರಲಿಲ್ಲ.

"ಹದಿನೇಳು ಗೀಟಾಯ್ತು," ಅವಳೆಂದಳು. "ಬೈದಿದ್ದು ಚೆನ್ನಾಗಿ ಬಂತು. ಕಾಪಾಡಿ ಅಂದಿದ್ದು ಮಾತ್ರ ಯಾಕೋ ನಾಟಕ ಅನಿಸ್ತು. ಅದನ್ನೂ ಬರೀಲಾ? ಅದಕ್ಕೆ ಕಾಲಂ ಇಲ್ಲ."

ಕೀಲಿಕಂಡಿಯಿಂದ ಬಂದ ಕಡಲೆಯಷ್ಟು ಬೆಳಕು ಅವನ ಎದೆಯ ಮೇಲೆ, ಇಲಾಖೆ ಒತ್ತಿದ ಮುದ್ರೆಯ ಹಾಗೆ ಬಿದ್ದಿತ್ತು. ಅವನು ಹದಿನೆಂಟನೆಯ ಸಲ ಕೈ ಎತ್ತಿದ.

ಅಡಿಗೆಮನೆಯಲ್ಲಿ ಪೆನ್ಸಿಲು ಕಾಯುತ್ತಿತ್ತು.