ಹುಲ್ಲು ತೆಗೆದ ಗಂಟೆ

ನಾನು ಹಸುವಿನ ಕೊರಳಿಗೆಂದೇ ಹುಟ್ಟಿದ ಕಂಚಿನ ಗಂಟೆ. ಎರಕ ಹೊಯ್ದ ಕಂಚುಗಾರ ನನ್ನನ್ನು ಒಮ್ಮೆ ಅಲ್ಲಾಡಿಸಿ, "ಇದರ ದನಿ ಗುಡ್ಡದಾಚಿಗೂ ಕೇಳತೈತಿ" ಅಂದಿದ್ದ. ಆ ಮಾತಿನ ಜಂಬ ನನಗೆ ಇಂದಿಗೂ ಇಳಿದಿಲ್ಲ.

ಸಂತೆಯಲ್ಲಿ ನನ್ನನ್ನು ಕೊಂಡವಳು ಫಕೀರವ್ವ. ಗಂಡ ತೀರಿಹೋದ ಆಕೆಗೆ ಕೆಂದಿ ಎಂಬ ಹಸುವೇ ಆಸರೆ. ಫಕೀರವ್ವ ಬಲು ನೇರ ಹೆಂಗಸು. ಒಮ್ಮೆ ಕೆಂದಿ ನೆರೆಯವರ ಜೋಳ ಮೇಯ್ದಾಗ, ಯಾರೂ ಕೇಳುವ ಮೊದಲೇ ತಾನೇ ಅದನ್ನು ಕೊಂಡವಾಡಕ್ಕೆ, ಅಂದರೆ ತುಡುಗು ದನ ಕೂಡಿಹಾಕುವ ಸರ್ಕಾರಿ ದೊಡ್ಡಿಗೆ, ಹೊಡೆದುಕೊಂಡು ಹೋಗಿ ದಂಡ ಕಟ್ಟಿ ಬಂದಿದ್ದಳು.

ಅದು ಬ್ರಿಟಿಷರ ಕಾಲ. ಊರ ಗುಡ್ಡದ ಸುತ್ತ ಕಲ್ಲು ನೆಟ್ಟು, ಇದಿನ್ನು ಸರ್ಕಾರದ ಅಡವಿ, ದನ ಬಿಟ್ಟರೆ ಅಪರಾಧ ಎಂದರು. ಅಜ್ಜ ಮುತ್ತಜ್ಜರು ಮೇಯಿಸಿದ ಗುಡ್ಡ ಅದು. ಊರವರು ಎಷ್ಟು ಕೈಮುಗಿದರೂ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಕಳ್ಳದಾರಿ ಹಿಡಿದರು. ಗಂಟೆಗಳ ಬಾಯಿಗೆ ಹುಲ್ಲು ತುರುಕಿ, ನಸುಕಿನಲ್ಲಿ ಸದ್ದಿಲ್ಲದೆ ಮೇಯಿಸಿಕೊಂಡು ಬರುತ್ತಿದ್ದರು. ನನ್ನ ಬಾಯಿಗೂ ಹುಲ್ಲು ಬಿತ್ತು. ಗುಡ್ಡದಾಚೆಗೆ ಕೇಳಬೇಕಾದ ನಾನು ಮೂಕನಾಗಿ ತೂಗಾಡಿದೆ. ಬಹಳ ನಾಚಿಕೆಯಾಯಿತು.

ಫಕೀರವ್ವನಿಗೂ ಆಗಿರಬೇಕು. ಒಂದು ದಿನ ಬಿಸಿಲೇರಿದ ಮೇಲೆ, ಊರ ಚಾವಡಿಯ ಮುಂದೆಯೇ ನಿಂತು ನನ್ನೊಳಗಿನ ಹುಲ್ಲನ್ನು ಬೆರಳಿನಿಂದ ಕೆದಕಿ ತೆಗೆದಳು. ಮೈದುನ ಚನವೀರಪ್ಪ ಗಾಬರಿಯಿಂದ ಓಡಿ ಬಂದ.

"ವೈನಿ, ಗಾರ್ಡಗ ಕೇಳಸ್ತೈತಿ. ಆಕಳ ಹಿಡದು ಲಿಲಾವು ಮಾಡ್ತಾರ."

"ಕೇಳಲಿ ಅಂತನ ತಗದೇನಿ."

ಕೆಂದಿಯನ್ನು ಗುಡ್ಡಕ್ಕೆ ಹೊಡೆದಳು. ಅಂದು ಮೊಳಗಿದಂತೆ ನಾನು ಮತ್ತೆಂದೂ ಮೊಳಗಿಲ್ಲ. ಅಡವಿ ಕಾಯುವ ಗಾರ್ಡು ಬಂದ, ಇಬ್ಬರನ್ನೂ ಹಿಡಿದು ಕೊಂಡವಾಡಕ್ಕೆ ತಂದ. ಕೊಂಡವಾಡದ ಕಾವಲುಗಾರನಿಗೆ ಅವಳ ಗುರುತಿತ್ತು.

"ಅವತ್ತು ನೀನ ಆಕಳ ಹೊಡಕೊಂಡು ಬಂದಿದ್ದಿ. ಇವತ್ತು ಕಳವು ಯಾಕ ಮಾಡಿದಿ, ಯವ್ವಾ?"

"ಜ್ವಾಳ ಅವರು ಬಿತ್ತಿದ್ದರು, ದಂಡ ಕಟ್ಟಿದೆ. ಗುಡ್ಡ ಯಾರು ಬಿತ್ಯಾರ? ಮತ್ತ, ಕಳವು ಮಾಡಾವರು ಗಂಟಿ ಬಾರಿಸಕೋತ ಬರೂದಿಲ್ಲ, ತಮ್ಮಾ."

ಈ ಸಲ ದಂಡ ಕಟ್ಟಲಿಲ್ಲ. ತಲೆಯೆತ್ತಿಕೊಂಡೇ ಜೈಲಿಗೆ ಹೋದಳು. ಕೆಂದಿಯನ್ನು ಹರಾಜು ಹಾಕಿದ ಆ ಲಿಲಾವಿನಲ್ಲಿ ಊರವರು ಒಬ್ಬರೂ ಸವಾಲು ಕೂಗಲಿಲ್ಲ. ಆದರೂ ಪರವೂರಿನವನೊಬ್ಬ ಕೆಂದಿಯನ್ನು ಹೊಡೆದುಕೊಂಡು ಹೋದ. ಅದಕ್ಕೂ ಮೊದಲೇ ಚನವೀರಪ್ಪ ಅದರ ಕೊರಳಿಂದ ನನ್ನನ್ನು ಬಿಚ್ಚಿಕೊಂಡಿದ್ದ. ಮರುದಿನ ಆ ಪುಕ್ಕಲನೇ ನನ್ನನ್ನು ತನ್ನ ಎತ್ತಿಗೆ ಕಟ್ಟಿ, ಹಾಡುಹಗಲೇ ಗುಡ್ಡ ಹತ್ತಿದ. ಹಿಂದೆ ಊರಿನ ದನವೆಲ್ಲ ಗಂಟೆ ಬಾರಿಸುತ್ತ ಬಂತು. ಅಷ್ಟನ್ನೂ ಕೂಡಿಹಾಕಲು ಕೊಂಡವಾಡದಲ್ಲಿ ಜಾಗವೆಲ್ಲಿ? ಕೆಲವು ವರ್ಷಗಳಲ್ಲಿ ಆ ಕಲ್ಲುಗಳನ್ನು ಸರ್ಕಾರದವರೇ ಕಿತ್ತರು.

ಜೈಲಿನಿಂದ ಬಂದ ಫಕೀರವ್ವನಿಗೆ ಚನವೀರಪ್ಪ ನನ್ನನ್ನು ಮರಳಿಸಿದ, ಆದರೆ ಕಟ್ಟಲು ಹಸುವಿರಲಿಲ್ಲ. ಒಬ್ಬಳೇ ಇದ್ದಾಗ ಕೆಂದಿಯನ್ನು ನೆನೆದು ಅಳುತ್ತಿದ್ದಳು. ಸಂಜೆ ಗುಡ್ಡದಿಂದ ಗಂಟೆಗಳ ಸದ್ದು ಇಳಿದು ಬರುವಾಗ ಮಾತ್ರ ಬಾಗಿಲಿಗೆ ಬಂದು, ಕಣ್ಣೊರೆಸಿಕೊಂಡು ನಿಲ್ಲುತ್ತಿದ್ದಳು.

ಈಗ ಅವಳಿಲ್ಲ. ನಾನು ಅದೇ ಮನೆಯ ಗೂಟಕ್ಕೆ ಜೋತು ಬಿದ್ದಿದ್ದೇನೆ. ಮೈ ಬಿರುಕು ಬಿಟ್ಟಿದೆ, ನನ್ನ ದನಿ ಅಂಗಳವನ್ನೂ ದಾಟುವುದಿಲ್ಲ. ಆದರೆ ಬಾಯಲ್ಲಿ ಹುಲ್ಲಿಲ್ಲ.